ದೇಸಾಂಗ್ ಯಾರಿಗೆ? ಕೊರಿಯಾದ ಸಂಗೀತ ಪ್ರಶಸ್ತಿಯೊಂದರಿಂದ ಶೇಕಡಾ ಪಾಠ

ತರಗತಿ: 8 ಮತ್ತು 9
ವಿಷಯ: ಗಣಿತ (ಸಮಾಜ ವಿಜ್ಞಾನದ ಜೊತೆ ಜೋಡಿಸಿಕೊಳ್ಳಬಹುದು)
ಕಲಿಕಾಂಶ: ಶೇಕಡಾ, ಸರಾಸರಿ, ದತ್ತಾಂಶವನ್ನು ಪರೀಕ್ಷಿಸುವುದು
ಅವಧಿ: 40 ನಿಮಿಷದ ಎರಡು ತರಗತಿಗಳು, ಸಮಯವಿದ್ದರೆ ಮೂರನೆಯದು

ಬೋಧನಾಭ್ಯಾಸಕ್ಕೆ ಪ್ರೌಢಶಾಲೆಗೆ ಹೋದವರಿಗೆ ಮಕ್ಕಳ ಕಂಪಾಸ್ ಡಬ್ಬಿಯ ಮೇಲೋ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲೋ ಬಿಟಿಎಸ್ ಎಂಬ ಮೂರಕ್ಷರ ಕಂಡೇ ಇರುತ್ತದೆ. ಮಕ್ಕಳ ಆಸಕ್ತಿಯನ್ನು ಪಾಠಕ್ಕೆ ತರಬೇಕೆಂದು ಕಾಲೇಜಿನಲ್ಲಿ ನಾವೇ ಹೇಳಿಕೊಟ್ಟಿರುತ್ತೇವೆ. ಹಾಗಾಗಿ ಪಾಠಯೋಜನೆಯ ಪೀಠಿಕೆಯಲ್ಲಿ ಒಂದು ಚಿತ್ರ ಬರುತ್ತದೆ, ಜೊತೆಗೆ 'ಇವರು ಯಾರು?', 'ಇವರ ಯಾವ ಹಾಡು ನಿಮಗೆ ಇಷ್ಟ?' ಎಂಬ ಎರಡು ಪ್ರಶ್ನೆಗಳು. ತರಗತಿ ಗಲಗಲ ಎನ್ನುತ್ತದೆ. ಐದನೆಯ ನಿಮಿಷಕ್ಕೆ ಚಿತ್ರ ಕೆಳಗಿಳಿಯುತ್ತದೆ. ಒಬ್ಬ ವ್ಯಾಪಾರಿ ರೂ. 800ಕ್ಕೆ ಒಂದು ಕುರ್ಚಿ ಕೊಂಡು ಶೇ. 12 ಲಾಭಕ್ಕೆ ಮಾರುವ ಲೆಕ್ಕ ಶುರುವಾಗುತ್ತದೆ. ಬೆಲ್ಲ ತೋರಿಸಿ ಕಷಾಯ ಕುಡಿಸಿದರು ಎಂಬುದು ಎಂಟನೆಯ ತರಗತಿಯ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಇಂಥ ಪೀಠಿಕೆಗಿಂತ ನೇರವಾಗಿ ಕುರ್ಚಿಯ ಲೆಕ್ಕಕ್ಕೆ ಬರುವ ಪಾಠವೇ ವಾಸಿ.

ಈ ಲೇಖನದ ಸಲಹೆ ಬೇರೆ ಬಗೆಯದು. ಕೊರಿಯಾದ ಪಾಪ್ ಸಂಗೀತವನ್ನು ಪೀಠಿಕೆಗೆ ತರುವುದು ಬೇಡ. ಅದರ ಪ್ರಶಸ್ತಿಯನ್ನೇ ಪಾಠದ ಲೆಕ್ಕ ಮಾಡೋಣ. 'ಈ ವರ್ಷದ ಅತ್ಯುತ್ತಮರು ಯಾರು?' ಎಂಬುದು ಮಕ್ಕಳ ಪ್ರಶ್ನೆ. 'ಅತ್ಯುತ್ತಮ ಎಂದು ಯಾವ ಲೆಕ್ಕದಿಂದ ಹೇಳಿದರು, ಯಾವುದಕ್ಕೆ ಶೇಕಡಾ ಎಷ್ಟು ತೂಕ ಕೊಟ್ಟರು?' ಎಂಬುದು ಗಣಿತದ ಪ್ರಶ್ನೆ. ಮೊದಲನೆಯದನ್ನು ಕೇಳುತ್ತಿದ್ದ ಮಗು ತಾನಾಗಿ ಎರಡನೆಯದನ್ನು ಕೇಳತೊಡಗಿದರೆ ಪಾಠ ನಡೆದಂತೆ.

ಶಿಕ್ಷಕರು ಮೊದಲೇ ತಿಳಿದಿರಬೇಕಾದದ್ದು

ದಕ್ಷಿಣ ಕೊರಿಯಾದಲ್ಲಿ ಸಂಗೀತಕ್ಕೆ ವಾರ್ಷಿಕ ಪ್ರಶಸ್ತಿಗಳು ಹಲವು. ನಾವು ಮುಖ್ಯವಾಗಿ ತೆಗೆದುಕೊಳ್ಳುವುದು ಎಂನೆಟ್ ಎಂಬ ಸಂಗೀತ ವಾಹಿನಿಯ ಪ್ರಶಸ್ತಿ. 1999ರಲ್ಲಿ ಮ್ಯೂಸಿಕ್ ವಿಡಿಯೊಗಳ ಪ್ರಶಸ್ತಿಯಾಗಿ ಶುರುವಾದ ಇದು 2009ರಲ್ಲಿ ಎಂನೆಟ್ ಏಷ್ಯನ್ ಮ್ಯೂಸಿಕ್ ಅವಾರ್ಡ್ಸ್ ಎಂಬ ಹೆಸರು ಪಡೆಯಿತು. ಅದರ ಮೊದಲಕ್ಷರಗಳನ್ನು ಕೂಡಿಸಿ ಮಾಮಾ ಎನ್ನುತ್ತಾರೆ. 2022ರಿಂದ ಅಧಿಕೃತ ಹೆಸರೇ ಮಾಮಾ ಅವಾರ್ಡ್ಸ್. (ಹೆಸರು ಕೇಳಿ ತರಗತಿ ನಗುತ್ತದೆ. ಒಂದು ನಿಮಿಷ ನಗಲಿ ಬಿಡಿ. ತಡೆದರೆ ಇಡೀ ಅವಧಿ ಮುಸಿಮುಸಿ ನಡೆಯುತ್ತದೆ.) ಪ್ರಶಸ್ತಿ ಕೊರಿಯಾದ್ದಾದರೂ ಸಮಾರಂಭ ಬಹಳ ಸಲ ಹೊರದೇಶದಲ್ಲಿ ನಡೆದಿದೆ: 2010ರಲ್ಲಿ ಮಕಾವ್, 2011ರಲ್ಲಿ ಸಿಂಗಪುರ, ಆಮೇಲೆ ಹಲವು ವರ್ಷ ಹಾಂಗ್‌ಕಾಂಗ್, 2019ರಲ್ಲಿ ಜಪಾನಿನ ನಗೋಯಾ, 2023ರಲ್ಲಿ ಟೋಕಿಯೊ. ಕೇಳುಗರು ಎಲ್ಲಿದ್ದಾರೋ ವೇದಿಕೆ ಅಲ್ಲಿಗೆ ಹೋಗುತ್ತದೆ. ಸಮಾಜ ವಿಜ್ಞಾನದವರು ಈ ಎಳೆ ಹಿಡಿದು ಬೇರೆಯೇ ಪಾಠ ಮಾಡಬಹುದು.

ಸಮಾರಂಭದ ಅತಿ ದೊಡ್ಡ ಬಹುಮಾನಗಳಿಗೆ ಕೊರಿಯನ್ ಭಾಷೆಯಲ್ಲಿ ದೇಸಾಂಗ್ ಎಂದು ಹೆಸರು. ದೊಡ್ಡ ಬಹುಮಾನ ಎಂದೇ ಅದರ ಅರ್ಥ. ಮಾಮಾದಲ್ಲಿ ಇವು ಒಂದಕ್ಕಿಂತ ಹೆಚ್ಚು. 2017ರಲ್ಲಿ ವರ್ಷದ ಕಲಾವಿದ ಪ್ರಶಸ್ತಿ ಬಿಟಿಎಸ್‌ಗೆ, ವರ್ಷದ ಹಾಡು ಟ್ವೈಸ್ ಗುಂಪಿಗೆ, ವರ್ಷದ ಆಲ್ಬಂ ಎಕ್ಸೊ ಗುಂಪಿಗೆ ಹೋಯಿತು. ಮೂರು ಪ್ರಶ್ನೆಗೆ ಮೂರು ಉತ್ತರ. ಎರಡೇ ವರ್ಷದ ನಂತರ, 2019ರಲ್ಲಿ, ನಾಲ್ಕು ದೇಸಾಂಗ್‌ಗಳಿದ್ದವು. ನಾಲ್ಕೂ ಬಿಟಿಎಸ್‌ಗೇ ಬಂದವು. ಈ ಎರಡು ವರ್ಷಗಳನ್ನು ಕಪ್ಪುಹಲಗೆಯ ಎರಡು ಬದಿ ಬರೆದಿಡಿ. ಪಾಠದ ಕೊನೆಗೆ ಅವು ಬೇಕಾಗುತ್ತವೆ.

ಇತರ ಪ್ರಶಸ್ತಿಗಳ ಬಗ್ಗೆ ಒಂದೆರಡು ಮಾತು ಸಾಕು. 1986ರಿಂದ ನಡೆದು ಬಂದಿರುವ ಗೋಲ್ಡನ್ ಡಿಸ್ಕ್ ಪ್ರಶಸ್ತಿ ಮುಖ್ಯ ಬಹುಮಾನಗಳಿಗೆ ಮಾರಾಟವನ್ನೂ ತೀರ್ಪುಗಾರರ ಅಂಕವನ್ನೂ ನೋಡುತ್ತದೆ. ಅಭಿಮಾನಿಗಳ ಮತಕ್ಕೆ ಅಲ್ಲಿ ಜನಪ್ರಿಯತೆಯ ಬಹುಮಾನ ಬೇರೆಯೇ ಇದೆ. 2004ರಲ್ಲಿ ಶುರುವಾದ ಕೊರಿಯನ್ ಮ್ಯೂಸಿಕ್ ಅವಾರ್ಡ್ಸ್ ಮಾರಾಟವನ್ನು ಬದಿಗಿಟ್ಟು ವಿಮರ್ಶಕರ ತೀರ್ಮಾನವನ್ನು ನಂಬುತ್ತದೆ. ಮಾಮಾದಲ್ಲಿ ಹಾಡು ಎಷ್ಟು ಕೇಳಿಸಿಕೊಂಡಿತು, ಆಲ್ಬಂ ಎಷ್ಟು ಮಾರಿತು, ತೀರ್ಪುಗಾರರು ಏನೆಂದರು, ಅಭಿಮಾನಿಗಳು ಎಷ್ಟು ಮತ ಹಾಕಿದರು ಎಂಬ ಬೇರೆ ಬೇರೆ ಅಳತೆಗಳನ್ನು ಬಹುಮಾನಕ್ಕೆ ತಕ್ಕಂತೆ ಬೆರೆಸುತ್ತಾರೆ. ಬೆರೆಸುವ ಪ್ರಮಾಣ ಎಲ್ಲ ವಿಭಾಗಕ್ಕೂ ಎಲ್ಲ ವರ್ಷಕ್ಕೂ ಒಂದೇ ಅಲ್ಲ. ಜಗಳ ಹುಟ್ಟುವುದೂ ಅಲ್ಲಿಯೇ. 2009ರಲ್ಲಿ, ಹೊಸ ಹೆಸರಿನ ಮೊದಲ ವರ್ಷವೇ, ಆ ದೇಶದ ದೊಡ್ಡ ಸಂಗೀತ ಸಂಸ್ಥೆಗಳಲ್ಲಿ ಒಂದಾದ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಆಯ್ಕೆಯ ಮಾನದಂಡವನ್ನೇ ಪ್ರಶ್ನಿಸಿ ತನ್ನ ಕಲಾವಿದರನ್ನು ಸಮಾರಂಭಕ್ಕೆ ಕಳುಹಿಸಲಿಲ್ಲ.

ಇಷ್ಟು ತಿಳಿದಿದ್ದರೆ ಸಾಕು. ಸದಸ್ಯರ ಹೆಸರು, ಹುಟ್ಟಿದ ದಿನ, ಯಾರ ಕೂದಲಿಗೆ ಯಾವ ಬಣ್ಣ ಎಂಬ ವಿಷಯದಲ್ಲಿ ಮಕ್ಕಳೇ ನಮಗಿಂತ ಮುಂದಿರುತ್ತಾರೆ. ಅವರೊಡನೆ ಪೈಪೋಟಿಗೆ ಇಳಿಯಬೇಡಿ.

ಮೊದಲ ತರಗತಿ: ತೂಕ ಬದಲಾದರೆ ಗೆದ್ದವರು ಬದಲಾಗುತ್ತಾರೆ

ನಿಜವಾದ ಗುಂಪುಗಳ ಹೆಸರಿನಲ್ಲಿ ಲೆಕ್ಕ ಶುರು ಮಾಡಬಾರದು. ಒಂದು ಕಾರಣ, ಅಭಿಮಾನಿಗಳು ಎರಡು ಪಕ್ಷವಾಗುತ್ತಾರೆ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದದ್ದು: ತರಗತಿಯಲ್ಲಿ ಈ ಹಾಡುಗಳನ್ನು ಕೇಳದ, ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳೂ ಇರುತ್ತಾರೆ. ಪಾಠ ತಮ್ಮದಲ್ಲ ಎಂದು ಅವರಿಗೆ ಅನ್ನಿಸಬಾರದು. ಆದ್ದರಿಂದ ಅ, ಆ, ಇ ಎಂಬ ಮೂರು ಕಲ್ಪಿತ ಗುಂಪುಗಳನ್ನು ತೆಗೆದುಕೊಳ್ಳಿ. ಅಂಕಗಳೂ ಕಲ್ಪಿತವೇ ಎಂದು ಮಕ್ಕಳಿಗೆ ಹೇಳಿಬಿಡಿ.

ಮೊದಲ ತೊಡಕು ಅಂಕಗಳಿಗೂ ಮುಂಚೆ ಬರುತ್ತದೆ. ಒಂದು ಹಾಡನ್ನು 9 ಕೋಟಿ ಸಲ ಕೇಳಿದ್ದಾರೆ, ಆಲ್ಬಂ 8 ಲಕ್ಷ ಪ್ರತಿ ಮಾರಿದೆ, ತೀರ್ಪುಗಾರರು 10ಕ್ಕೆ 7 ಕೊಟ್ಟಿದ್ದಾರೆ. 'ಮೂರನ್ನೂ ಕೂಡಿಸಿ' ಎನ್ನಿ. ಕೆಲವರು ಕೂಡಿಸಿಯೇ ಬಿಡುತ್ತಾರೆ. ಬಂದ ಮೊತ್ತವನ್ನು ತೋರಿಸಿ, ತೀರ್ಪುಗಾರರು 7ರ ಬದಲು 1 ಕೊಟ್ಟಿದ್ದರೆ ಈ ಮೊತ್ತದಲ್ಲಿ ಏನು ವ್ಯತ್ಯಾಸವಾಗುತ್ತಿತ್ತು ಎಂದು ಕೇಳಿ. ಏನೂ ಆಗುವುದಿಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಎಲ್ಲವನ್ನೂ ನೂರಕ್ಕೆ ಇಳಿಸಬೇಕಾದ ಅಗತ್ಯ ಇಲ್ಲಿ ತಾನಾಗಿ ಬರುತ್ತದೆ. ಆಲ್ಬಂಗೆ 20 ಲಕ್ಷ ಪ್ರತಿಯನ್ನು 100 ಅಂಕ ಎಂದು ಇಟ್ಟುಕೊಂಡರೆ 8 ಲಕ್ಷಕ್ಕೆ 40, 19 ಲಕ್ಷಕ್ಕೆ 95, 12 ಲಕ್ಷಕ್ಕೆ 60. ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂಬ ವ್ಯಾಖ್ಯೆ ಬಾಯಿಪಾಠವಾಗಿರುವ ಮಗುವಿಗೂ ಶೇಕಡಾ ಏಕೆ ಬೇಕು ಎಂಬುದು ಗೊತ್ತಿರುವುದು ಅಪರೂಪ. ಈ ಹತ್ತು ನಿಮಿಷವನ್ನು ಅವಸರದಲ್ಲಿ ಮುಗಿಸಬೇಡಿ.

ಈಗ ಕಪ್ಪುಹಲಗೆಯ ಮೇಲೆ ಈ ಪಟ್ಟಿ ಬರಲಿ. ಅಂಕಗಳ ಕ್ರಮ: ಹಾಡು ಕೇಳಿದ್ದು, ಆಲ್ಬಂ ಮಾರಾಟ, ತೀರ್ಪುಗಾರರು, ಅಭಿಮಾನಿಗಳ ಮತ.

ಅ ಗುಂಪು: 90, 40, 70, 40
ಆ ಗುಂಪು: 50, 95, 60, 95
ಇ ಗುಂಪು: 70, 60, 95, 50

'ಯಾರಿಗೆ ಪ್ರಶಸ್ತಿ?' ಎಂದು ಕೇಳಿದರೆ ಮಕ್ಕಳು ಸರಾಸರಿಗೆ ಹೋಗುತ್ತಾರೆ. ಅ 60, ಆ 75, ಇ 68.75. ಆ ಗೆದ್ದಿತು. ಇಲ್ಲಿಗೆ ನಿಲ್ಲಿಸಿ ಒಂದು ಪ್ರಶ್ನೆ ಹಾಕಿ: 'ನಾಲ್ಕಕ್ಕೂ ಸಮನಾದ ಬೆಲೆ ಕೊಡಬೇಕು ಎಂದು ಯಾರು ಹೇಳಿದರು?' ಸರಾಸರಿಯೂ ಒಂದು ತೀರ್ಮಾನವೇ, ನಾಲ್ಕಕ್ಕೂ ಶೇ. 25 ತೂಕ ಕೊಟ್ಟ ತೀರ್ಮಾನ, ಎಂಬುದು ಈ ಪಾಠದ ತಿರುವು. ತೂಕ ಎಂಬ ಮಾತು ಹೊಸದು ಎನ್ನಿಸಿದರೆ ಮಕ್ಕಳಿಗೆ ಹತ್ತಿರದ ಉದಾಹರಣೆ ಎಸ್‌ಎಸ್‌ಎಲ್‌ಸಿ. ಗಣಿತಕ್ಕೆ ಲಿಖಿತ ಪರೀಕ್ಷೆ 80, ಆಂತರಿಕ ಅಂಕ 20. ಎರಡಕ್ಕೂ 50 ಇಟ್ಟಿದ್ದರೆ ಫಲಿತಾಂಶ ಹೀಗೇ ಇರುತ್ತಿತ್ತೇ ಎಂದು ಕೇಳಿದರೆ ಹಿಂದಿನ ಬೆಂಚಿನವರೂ ಮಾತಾಡುತ್ತಾರೆ.

ತರಗತಿಯನ್ನು ಮೂರು ಸಮಿತಿಗಳಾಗಿ ಮಾಡಿ, ಒಂದೊಂದಕ್ಕೆ ಒಂದೊಂದು ತೂಕದ ಚೀಟಿ ಕೊಡಿ. ಉಳಿದ ಸಮಿತಿಯ ಚೀಟಿಯಲ್ಲಿ ಏನಿದೆ ಎಂದು ಹೇಳಬೇಡಿ.

ಮೊದಲ ಸಮಿತಿ: ಕೇಳಿದ್ದು 60, ಆಲ್ಬಂ 10, ತೀರ್ಪುಗಾರರು 20, ಮತ 10
ಎರಡನೆಯ ಸಮಿತಿ: 20, 30, 20, 30
ಮೂರನೆಯ ಸಮಿತಿ: 40, 20, 30, 10

ಒಂದು ಲೆಕ್ಕವನ್ನು ಶಿಕ್ಷಕರು ಮಾಡಿ ತೋರಿಸಬೇಕು. ಮೊದಲ ಸಮಿತಿಗೆ ಅ ಗುಂಪಿನ ಅಂಕ: 90ರ ಶೇ. 60 ಅಂದರೆ 54, 40ರ ಶೇ. 10, ಅಂದರೆ 4, 70ರ ಶೇ. 20, ಅಂದರೆ 14, 40ರ ಶೇ. 10, ಮತ್ತೆ 4. ಒಟ್ಟು 76. ಉಳಿದದ್ದು ಮಕ್ಕಳ ಕೆಲಸ. ಮೊದಲ ಸಮಿತಿಗೆ ಅ 76, ಆ 61, ಇ 72 ಬರಬೇಕು. ಎರಡನೆಯದಕ್ಕೆ ಅ 56, ಆ 79, ಇ 66. ಮೂರನೆಯದಕ್ಕೆ ಅ 69, ಆ 66.5, ಇ 73.5. ಮೂರು ಸಮಿತಿಯ ವಕ್ತಾರರು ಎದ್ದು ಒಬ್ಬರ ಹಿಂದೆ ಒಬ್ಬರು ಅ, ಆ, ಇ ಎಂದು ಹೇಳಿದಾಗ ತರಗತಿಯ ಮೊದಲ ಪ್ರತಿಕ್ರಿಯೆ 'ಸರ್, ಅವರ ಲೆಕ್ಕ ತಪ್ಪು' ಎಂಬುದೇ ಆಗಿರುತ್ತದೆ. ಪರಸ್ಪರ ಪುಸ್ತಕ ಬದಲಿಸಿಕೊಂಡು ಪರಿಶೀಲಿಸಲಿ. ಎಲ್ಲರ ಲೆಕ್ಕವೂ ಸರಿ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಈಗ ಚೀಟಿಗಳನ್ನು ಬಹಿರಂಗ ಮಾಡಿ.

2017 ಮತ್ತು 2019ರ ಬರಹದ ಕಡೆ ಮಕ್ಕಳ ಗಮನ ಸೆಳೆಯಬೇಕಾದ ಹೊತ್ತು ಇದು. ಮೂರು ದೊಡ್ಡ ಬಹುಮಾನ ಮೂರು ಗುಂಪಿಗೆ ಹೋದ ವರ್ಷ ಹೇಗಿದ್ದಿರಬಹುದು ಎಂಬುದು ಈಗ ಮಕ್ಕಳಿಗೆ ಊಹೆಗೆ ಸಿಗುತ್ತದೆ. ಎಲ್ಲವೂ ಒಬ್ಬರಿಗೇ ಹೋದ ವರ್ಷ? ಅದಕ್ಕೆ ಪಟ್ಟಿಗೆ ಈ ಎಂಬ ನಾಲ್ಕನೆಯ ಗುಂಪನ್ನು ಸೇರಿಸಿ: 45, 35, 65, 35. 'ಈ ಗುಂಪು ಅ ಗುಂಪನ್ನು ಸೋಲಿಸುವಂಥ ತೂಕ ಹುಡುಕಿ' ಎನ್ನಿ. ಐದು ನಿಮಿಷ ಹುಡುಕಿ, ಸಿಗುವುದಿಲ್ಲ ಎಂದು ಗೊತ್ತಾಗಿ, ಏಕೆ ಸಿಗುವುದಿಲ್ಲ ಎಂದು ಮಕ್ಕಳೇ ಹೇಳಬೇಕು. ನಾಲ್ಕು ಕಲಂನಲ್ಲೂ ಹಿಂದಿರುವವರನ್ನು ಯಾವ ತೂಕವೂ ಮುಂದೆ ತರಲಾರದು; ನಾಲ್ಕರಲ್ಲೂ ಮುಂದಿರುವವರಿಗೆ ತೂಕದ ಚಿಂತೆ ಇಲ್ಲ. ಉತ್ತರವನ್ನು ಶಿಕ್ಷಕರೇ ಹೇಳಿಬಿಟ್ಟರೆ ಈ ಚಟುವಟಿಕೆಗೆ ಅರ್ಥವಿಲ್ಲ.

ಒಂಬತ್ತನೆಯ ತರಗತಿಯವರಿಗೆ ಒಂದು ಹೆಜ್ಜೆ ಮುಂದೆ ಹೋಗಬಹುದು. ಕೇಳಿದ್ದು ಮತ್ತು ತೀರ್ಪುಗಾರರು ಎಂಬ ಎರಡೇ ಅಳತೆ ಇರಲಿ, ಕೇಳಿದ್ದಕ್ಕೆ ಶೇ. x ತೂಕ, ತೀರ್ಪಿಗೆ ಉಳಿದದ್ದು. ಅ ಮತ್ತು ಇ ಯಾವಾಗ ಸಮವಾಗುತ್ತವೆ? ಸಮೀಕರಣ ಬಿಡಿಸಿದರೆ x ಸುಮಾರು 55.6. ಶೇ. 55 ಇಟ್ಟರೆ ಇ ಗೆಲ್ಲುತ್ತದೆ, 81.25ಕ್ಕೆ 81, ಶೇ. 56 ಇಟ್ಟರೆ ಅ ಗೆಲ್ಲುತ್ತದೆ, 81.2ಕ್ಕೆ 81. ಒಂದೇ ಒಂದು ಶೇಕಡಾ! ತೂಕ ನಿಗದಿ ಮಾಡುವವರು ಅಂಕಗಳನ್ನು ನೋಡುವ ಮೊದಲು ಅದನ್ನು ಪ್ರಕಟಿಸಬೇಕೋ, ನೋಡಿದ ಮೇಲೋ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಎರಡನೆಯ ತರಗತಿ: ಮತಸಂಖ್ಯೆಯನ್ನು ಪರೀಕ್ಷಿಸುವುದು

ನಾಲ್ಕು ಅಳತೆಗಳಲ್ಲಿ ಮಕ್ಕಳಿಗೆ ಅತ್ಯಂತ ನ್ಯಾಯವಾಗಿ ಕಾಣುವುದು ಮತ. 'ಎಲ್ಲರೂ ಮತ ಹಾಕಿದರೆ ಮೋಸ ಎಲ್ಲಿ?' ಎನ್ನುತ್ತಾರೆ. ಒಂದು ಚಿಕ್ಕ ಲೆಕ್ಕದಿಂದ ಶುರು ಮಾಡಿ. ಅಭಿಮಾನಿ ಮತದಾನದಲ್ಲಿ ಒಂದೇ ಖಾತೆಯಿಂದ ದಿನಕ್ಕೊಮ್ಮೆಯಂತೆ ಹಲವು ದಿನ ಮತ ಹಾಕಲು ಬಿಡುವುದುಂಟು. ಒಂದು ಗುಂಪಿಗೆ 1,000 ಜನ 20 ದಿನ ಬಿಡದೆ ಮತ ಹಾಕಿದರು. ಇನ್ನೊಂದಕ್ಕೆ 15,000 ಜನ ಒಂದೊಂದೇ ಸಲ ಹಾಕಿದರು. 20,000 ಮತಕ್ಕೆ 15,000 ಮತ. ಗೆದ್ದದ್ದು ಜನರ ಸಂಖ್ಯೆಯೋ, ಹಟವೋ? ಈ ಮತ ಅಳೆಯುವುದು ಏನನ್ನು ಎಂದು ಕೇಳಿ ಬಿಡಿ. ಉತ್ತರ ಎರಡು ಬಗೆಯಲ್ಲೂ ಬರಬಹುದು.

ಇನ್ನು ಮುಖ್ಯ ಚಟುವಟಿಕೆ. ಇದು ಮಾಮಾ ಪ್ರಶಸ್ತಿಯದಲ್ಲ. ಅದೇ ಎಂನೆಟ್ ವಾಹಿನಿ ನಡೆಸಿದ ಪ್ರೊಡ್ಯೂಸ್ ಎಕ್ಸ್ 101 ಎಂಬ ಸ್ಪರ್ಧೆಯದು. ಈ ವ್ಯತ್ಯಾಸವನ್ನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಒಂದರ ಕಳಂಕವನ್ನು ಇನ್ನೊಂದಕ್ಕೆ ಹಚ್ಚುವುದು ನಾವು ಕಲಿಸಲು ಹೊರಟ ಎಚ್ಚರಕ್ಕೇ ವಿರುದ್ಧ. ವೀಕ್ಷಕರ ಮತದಿಂದ 11 ಹುಡುಗರನ್ನು ಆರಿಸಿ ಹೊಸ ಗುಂಪು ಕಟ್ಟುವುದು ಆ ಸ್ಪರ್ಧೆಯ ಉದ್ದೇಶ. 2019ರ ಜುಲೈ 19ರಂದು ಅಂತಿಮ ಸುತ್ತು ನೇರ ಪ್ರಸಾರವಾಯಿತು. ಜನ ಹಣ ತೆತ್ತು ಎಸ್‌ಎಂಎಸ್ ಮತ ಕಳುಹಿಸಿದರು. ಮೊದಲ ನಾಲ್ಕು ಸ್ಥಾನಗಳ ಮತಗಳು ಹೀಗಿದ್ದವು:

1ನೇ ಸ್ಥಾನ: 13,34,011
2ನೇ ಸ್ಥಾನ: 13,04,033
3ನೇ ಸ್ಥಾನ: 10,79,200
4ನೇ ಸ್ಥಾನ: 10,49,222

ಇವನ್ನು ಬರೆದು ಸುಮ್ಮನೆ ನಿಲ್ಲಿ. 'ಏನು ಕಾಣುತ್ತದೆ?' ಎಂಬುದಕ್ಕಿಂತ ಹೆಚ್ಚಿನ ಸುಳಿವು ಬೇಡ. ಹೆಚ್ಚೆಂದರೆ 'ವ್ಯತ್ಯಾಸ ಕಂಡುಹಿಡಿಯಿರಿ' ಎನ್ನಬಹುದು. ಮೊದಲೆರಡರ ವ್ಯತ್ಯಾಸ 29,978. ಮೂರನೆಯ ಮತ್ತು ನಾಲ್ಕನೆಯದರ ವ್ಯತ್ಯಾಸವೂ 29,978. ಕೆಳಗಿನ ಸ್ಥಾನಗಳ ನಡುವೆಯೂ ಇದೇ ಸಂಖ್ಯೆ ಮತ್ತೆ ಬಂದಿತ್ತು. ಇದನ್ನು ಮೊದಲು ಗುರುತಿಸಿದವರು ಕಾರ್ಯಕ್ರಮ ನೋಡುತ್ತಿದ್ದ ಸಾಮಾನ್ಯ ವೀಕ್ಷಕರು. ಅವರು ಬಳಸಿದ್ದು ಮೂರನೆಯ ತರಗತಿಯ ವ್ಯವಕಲನ.

ಇನ್ನೂ ಸ್ವಲ್ಪ ಅಗೆಯೋಣ. ಎರಡನೆಯ ಮತ್ತು ಮೂರನೆಯ ಸ್ಥಾನದ ವ್ಯತ್ಯಾಸ 2,24,833. ಇದನ್ನು 29,978ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಏಳೂವರೆ. ಹಾಗಾದರೆ 29,978ರ ಅರ್ಧ 14,989 ಇದರೊಳಗೆ ಅಡಗಿದೆಯೇ? ನಾಲ್ಕು ಮತಸಂಖ್ಯೆಗಳನ್ನೂ 14,989ರಿಂದ ಭಾಗಿಸಲು ಹೇಳಿ, ಕ್ಯಾಲ್ಕುಲೇಟರ್ ಬಳಸಲಿ. ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ 89, 87, 72, 70 ಬರುತ್ತವೆ. ಲಕ್ಷಾಂತರ ಜನ ತಮ್ಮ ಪಾಡಿಗೆ ತಾವು ಹಾಕಿದ ಮತಗಳು ಹೀಗೆ ಒಂದೇ ಸಂಖ್ಯೆಯ ಪಟ್ಟುಗಳಾಗಿ ಬೀಳುತ್ತವೆಯೇ? ಕೊರಿಯಾದ ವೀಕ್ಷಕರು ಅಂತಿಮ ಸುತ್ತಿನ 20 ಸ್ಪರ್ಧಿಗಳ ಮತಗಳನ್ನೂ ಪರೀಕ್ಷಿಸಿ, ಎಲ್ಲವೂ 7,494.442 ಎಂಬ ಸಂಖ್ಯೆಯ ಪಟ್ಟುಗಳು ಎಂದು ತೋರಿಸಿದರು. ನಮ್ಮ 14,989 ಹೆಚ್ಚುಕಡಿಮೆ ಅದರ ಎರಡರಷ್ಟು.

ಇಂಥ ವಿನ್ಯಾಸ ಹೇಗೆ ಹುಟ್ಟುತ್ತದೆ ಎಂಬುದೇ ನಮ್ಮ ಶೇಕಡಾ ಪಾಠಕ್ಕೆ ಮರಳುವ ದಾರಿ. ಒಟ್ಟು ಮತ ಒಂದು ಲಕ್ಷ ಎನ್ನಿ. ಒಬ್ಬರಿಗೆ ಶೇ. 8.9, ಇನ್ನೊಬ್ಬರಿಗೆ ಶೇ. 8.7, ಮತ್ತಿಬ್ಬರಿಗೆ ಶೇ. 7.2 ಮತ್ತು ಶೇ. 7 ಎಂದು ಮೊದಲೇ ಬರೆದುಕೊಂಡು, ಅದರಿಂದ ಮತಸಂಖ್ಯೆ ಲೆಕ್ಕ ಹಾಕಿ: 8,900, 8,700, 7,200, 7,000. ವ್ಯತ್ಯಾಸ 200, ಮತ್ತೆ 200. ಎಣಿಕೆಯಿಂದ ಶೇಕಡಾಕ್ಕೆ ಹೋಗುವ ಬದಲು ಶೇಕಡಾದಿಂದ ಎಣಿಕೆಗೆ ಬಂದರೆ ಸಂಖ್ಯೆಗಳು ಹೀಗೆ ಸಾಲಾಗಿ ನಿಲ್ಲುತ್ತವೆ. ವಾಹಿನಿ ಮೊದಲು ಕೊಟ್ಟ ವಿವರಣೆಯೂ ಇದೇ ದಾರಿಯದು. ಶೇಕಡಾವಾರನ್ನು ದಶಮಾಂಶದಲ್ಲಿ ಹತ್ತಿರದ ಅಂಕಿಗೆ ಸರಿಹೊಂದಿಸಿ ಅದರಿಂದ ಮತಸಂಖ್ಯೆ ಬರೆದದ್ದರಿಂದ ಹೀಗಾಯಿತು, ಸ್ಥಾನಗಳು ಮಾತ್ರ ಬದಲಾಗಿಲ್ಲ ಎಂದು ಅದು ಹೇಳಿತು.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಬಹಳ ಎಚ್ಚರದಿಂದ ಮಾತಾಡಬೇಕು. 'ನೋಡಿ ಮಕ್ಕಳೇ, ಗಣಿತ ಕಳ್ಳನನ್ನು ಹಿಡಿಯಿತು' ಎಂದುಬಿಡುವ ಆಸೆ ಆಗುತ್ತದೆ. ಗಣಿತ ಅಷ್ಟು ಹೇಳಲಿಲ್ಲ. ಪ್ರಕಟವಾದ ಸಂಖ್ಯೆಗಳು ನೇರ ಎಣಿಕೆಯವಲ್ಲ ಎಂದಷ್ಟೇ ಅದು ಹೇಳಿತು. ವಾಹಿನಿಯ ವಿವರಣೆ ನಿಜವಾಗಿದ್ದರೂ ಸಂಖ್ಯೆಗಳು ಹೀಗೇ ಕಾಣುತ್ತಿದ್ದವು. ಸ್ಥಾನಗಳನ್ನೇ ತಿದ್ದಿದ್ದರು ಎಂಬುದು ಹೊರಬಂದದ್ದು ಪೊಲೀಸ್ ತನಿಖೆಯಿಂದ. ಆ ಸರಣಿಯ ನಾಲ್ಕೂ ಆವೃತ್ತಿಗಳಲ್ಲಿ ಕೈವಾಡ ನಡೆದದ್ದು ತಿಳಿಯಿತು. ಮುಖ್ಯ ನಿರ್ಮಾಪಕರಿಗೆ 2020ರಲ್ಲಿ 2 ವರ್ಷ ಜೈಲುಶಿಕ್ಷೆಯಾಯಿತು. 2021ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅನುಮಾನಕ್ಕೆ ಆಧಾರ ಕೊಡುವುದು ಬೇರೆ, ಅಪರಾಧ ಸಾಬೀತಾಗುವುದು ಬೇರೆ. ಇವೆರಡರ ನಡುವಿನ ಗೆರೆಯನ್ನು ಕಪ್ಪುಹಲಗೆಯ ಮೇಲೆ ನಿಜವಾಗಿಯೇ ಎಳೆಯಿರಿ. ಎಡಕ್ಕೆ 'ಲೆಕ್ಕ ತೋರಿಸಿದ್ದು', ಬಲಕ್ಕೆ 'ತನಿಖೆ ತೋರಿಸಿದ್ದು'. ಯಾವ ವಾಕ್ಯ ಯಾವ ಬದಿಗೆ ಎಂದು ಮಕ್ಕಳೇ ಹೇಳಲಿ.

ಆ ಹುಡುಗರು ಏನಾದರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೆದ್ದ 11 ಜನರ ಗುಂಪು 2020ರ ಜನವರಿಯಲ್ಲಿ, ಆರು ತಿಂಗಳೂ ತುಂಬುವ ಮೊದಲು, ವಿಸರ್ಜನೆಯಾಯಿತು. ಅನ್ಯಾಯವಾಗಿ ಹೊರಬಿದ್ದ 12 ಸ್ಪರ್ಧಿಗಳ ಹೆಸರನ್ನು ಮೇಲ್ಮನವಿ ನ್ಯಾಯಾಲಯ 2020ರ ನವೆಂಬರ್‌ನಲ್ಲಿ ಬಹಿರಂಗವಾಗಿ ಓದಿತು. ಸೋತವರಿಗಂತೂ ಅನ್ಯಾಯವಾಯಿತು, ಗೆದ್ದವರಿಗೆ ಆದದ್ದು ಏನು? ತಿದ್ದಿದ ಸಂಖ್ಯೆಯಿಂದ ಇಬ್ಬರಿಗೂ ಪೆಟ್ಟು ಬಿತ್ತು ಎಂಬ ಮಾತು ಮಕ್ಕಳ ಬಾಯಿಂದ ಬಂದರೆ ಒಳ್ಳೆಯದು. ಬಾರದಿದ್ದರೆ ಉಪದೇಶ ಮಾಡಿ ತುಂಬಬೇಕಾಗಿಲ್ಲ.

ಮೂರನೆಯ ತರಗತಿ, ಸಮಯವಿದ್ದರೆ

ನೂರಕ್ಕಿಂತ ಹೆಚ್ಚಿನ ಶೇಕಡಾ ಮಕ್ಕಳಿಗೆ ಯಾವಾಗಲೂ ತಲೆನೋವು. 'ಶೇ. 119 ಎಂದರೆ ಏನು ಮಿಸ್, ನೂರಕ್ಕೆ ನೂರೇ ಅಲ್ಲವೇ?' ಎನ್ನುತ್ತಾರೆ. ಇದಕ್ಕೆ ಉದಾಹರಣೆ ಇನ್ನೊಂದು ಪ್ರಶಸ್ತಿ ಸಮಾರಂಭದಲ್ಲಿದೆ. 2017ರ ಫೆಬ್ರವರಿಯಲ್ಲಿ, ವಿಮರ್ಶಕರು ಆಯ್ಕೆ ಮಾಡುವ ಕೊರಿಯನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಲೀ ಲಾಂಗ್ ಎಂಬ ಗಾಯಕಿಗೆ ಫೋಕ್ ವಿಭಾಗದ ಅತ್ಯುತ್ತಮ ಹಾಡಿನ ಪ್ರಶಸ್ತಿ ಬಂತು. ಆಕೆ ವೇದಿಕೆಯ ಮೇಲೆ ತನ್ನ ಆದಾಯ ಹೇಳಿದರು: ಜನವರಿಯಲ್ಲಿ 4,20,000 ವೋನ್, ಫೆಬ್ರವರಿಯಲ್ಲಿ 9,60,000 ವೋನ್. ಪ್ರಶಸ್ತಿಯ ಜೊತೆ ನಗದು ಇರಲಿಲ್ಲ. ತನ್ನ ಮನೆಬಾಡಿಗೆ 5,00,000 ವೋನ್ ಎಂದು ಹೇಳಿ, ಕೈಯಲ್ಲಿದ್ದ ಟ್ರೋಫಿಯನ್ನು ಅಷ್ಟು ಮೊತ್ತದಿಂದ ಅಲ್ಲಿಯೇ ಹರಾಜಿಗಿಟ್ಟರು. ಪ್ರೇಕ್ಷಕರೊಬ್ಬರು ಆ ಬೆಲೆ ಕೊಟ್ಟು ಕೊಂಡರು.

ಬಾಡಿಗೆ ಜನವರಿ ಆದಾಯದ ಶೇಕಡಾ ಎಷ್ಟು? ಸುಮಾರು 119. ಫೆಬ್ರವರಿಗೆ? ಸುಮಾರು 52. ಎರಡು ತಿಂಗಳನ್ನು ಸೇರಿಸಿ ನೋಡಿದರೆ 13,80,000ದಲ್ಲಿ 10,00,000, ಸುಮಾರು 72. ಇಲ್ಲೊಂದು ಬಲೆ ಇದೆ: 119 ಮತ್ತು 52ರ ಸರಾಸರಿ 85.5, 72 ಅಲ್ಲ. ಏಕೆ? ಎರಡು ತಿಂಗಳ ಆದಾಯ ಸಮನಾಗಿಲ್ಲ. ಮೊದಲ ತರಗತಿಯ ತೂಕದ ಮಾತು ಇಲ್ಲಿ ಮತ್ತೆ ಬಂತು. ನಾಲ್ಕು ದೇಸಾಂಗ್‌ಗಳ ಮಿಂಚಿನ ಪಕ್ಕದಲ್ಲಿ ಇದೂ ಅದೇ ದೇಶದ ಸಂಗೀತವೇ ಎಂಬುದು ಮಕ್ಕಳಿಗೆ ತಿಳಿದಿರಲಿ ಎಂಬುದು ನನ್ನ ಇಚ್ಛೆ. ಪಾಠಯೋಜನೆಯ ಉದ್ದೇಶಗಳ ಕಲಂನಲ್ಲಿ ಅದನ್ನು ಬರೆಯಬೇಕಾಗಿಲ್ಲ.

ಪಾಠ ವೀಕ್ಷಿಸುವ ಮೇಲ್ವಿಚಾರಕರಿಗೆ

ಸಾಮಾನ್ಯವಾಗಿ ಈ ಪಾಠ ಹಾಳಾಗುವುದು ಮೂರು ಕಡೆ. ಒಂದು, ಸಮಾರಂಭದ ವಿಡಿಯೊ ಹಾಕಿ ಹದಿನೈದು ನಿಮಿಷ ಕಳೆಯುವುದು. ಎರಡು ನಿಮಿಷಕ್ಕಿಂತ ಹೆಚ್ಚಿನ ವಿಡಿಯೊ ಬೇಡ, ಇಲ್ಲದಿದ್ದರೂ ನಷ್ಟವಿಲ್ಲ. ಎರಡು, ಶಿಕ್ಷಕರೇ ಮೂರು ಸಮಿತಿಯ ಲೆಕ್ಕವನ್ನೂ ಕಪ್ಪುಹಲಗೆಯ ಮೇಲೆ ಮಾಡಿ ಮುಗಿಸುವುದು. ಮೂರನೆಯದು ಸೂಕ್ಷ್ಮ. ಕೊರಿಯಾದ ಹಾಡುಗಳನ್ನು ಇಷ್ಟಪಡುವ ಹುಡುಗಿಯರನ್ನೂ ವೇದಿಕೆಯ ಮೇಲಿನ ಹುಡುಗರ ಮೇಕಪ್ಪನ್ನೂ ಕುರಿತು ತರಗತಿಯಲ್ಲಿ ಕುಹಕ ಹುಟ್ಟಿಕೊಳ್ಳುತ್ತದೆ. ಕೆಲವೊಮ್ಮೆ ಶಿಕ್ಷಕರೇ ಹಗುರವಾಗಿ ಒಂದು ಮಾತು ಸೇರಿಸುತ್ತಾರೆ. ಒಂದು ಮಗು ಇಷ್ಟಪಟ್ಟದ್ದನ್ನು ಪಾಠಕ್ಕೆ ತಂದು ಅಲ್ಲಿಯೇ ಅದನ್ನು ಗೇಲಿ ಮಾಡಿದರೆ, ಆ ಮಗು ಮುಂದೆ ನಮ್ಮ ಎದುರು ಏನನ್ನೂ ಇಷ್ಟಪಡುವುದಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಈ ಅಂಶಕ್ಕೆ ಜಾಗ ಕೊಡಿ.

ಹೊಗಳಬೇಕಾದ ಸಂಗತಿ ಒಂದಿದೆ, ಅದು ಸುಲಭವಾಗಿ ಕಣ್ಣು ತಪ್ಪುತ್ತದೆ. 'ಸರ್, ಹಾಗಾದರೆ ನಮ್ಮ ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಅಂಕ ಹೇಗೆ ಹಾಕುತ್ತಾರೆ?' ಎಂದು ಮಗುವೊಂದು ಕೇಳಿದಾಗ ಪ್ರಶಿಕ್ಷಣಾರ್ಥಿ 'ಅದು ಈಗ ಬೇಡ, ವಿಷಯಕ್ಕೆ ಬನ್ನಿ' ಎನ್ನದೆ ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದುಕೊಂಡರೆ, ಗುರುತಿಸಿ ಅಂಕ ಕೊಡಿ. ಆ ಮಗು ವಿಷಯಕ್ಕೇ ಬಂದಿದೆ.

ಮೌಲ್ಯಮಾಪನ

ಮನೆಗೆಲಸಕ್ಕೆ ಎರಡು ಲೆಕ್ಕ ಸಾಕು. ಮೊದಲನೆಯದು: ಮೇಲಿನ ಪಟ್ಟಿಯನ್ನೇ ಇಟ್ಟುಕೊಂಡು, ಯಾವ ಅಳತೆಗೂ ಸೊನ್ನೆ ತೂಕ ಕೊಡದೆ, ಇ ಗುಂಪು ಗೆಲ್ಲುವಂತೆ ಹೊಸದೊಂದು ತೂಕದ ಚೀಟಿ ಬರೆಯಿರಿ, ಆ ತೂಕವನ್ನು ಏಕೆ ಇಟ್ಟಿರಿ ಎಂದು ಎರಡು ವಾಕ್ಯದಲ್ಲಿ ಸಮರ್ಥಿಸಿ. ಲೆಕ್ಕಕ್ಕೆ ಮೂರು ಅಂಕ, ಸಮರ್ಥನೆಗೆ ಎರಡು. ಇ ಗೆಲ್ಲಬೇಕೆಂದೇ ಹೀಗೆ ಇಟ್ಟೆ ಎಂದು ಪ್ರಾಮಾಣಿಕವಾಗಿ ಬರೆದ ಮಗುವಿಗೂ ಎರಡು ಅಂಕ ಕೊಡಿ, ಮರುದಿನ ಅದನ್ನು ತರಗತಿಯಲ್ಲಿ ಓದಿಸಿ. ಎರಡನೆಯದು: ಒಂದು ಸ್ಪರ್ಧೆಯ ಮತಗಳು 45,000, 42,500, 37,500, 35,000 ಎಂದು ಪ್ರಕಟವಾಗಿವೆ. ಈ ಸಂಖ್ಯೆಗಳಿಂದ ನೀವು ಏನು ಹೇಳಬಲ್ಲಿರಿ, ಏನು ಹೇಳಲಾರಿರಿ? 'ಮೋಸವಾಗಿದೆ' ಎಂದಷ್ಟೇ ಬರೆದ ಉತ್ತರಕ್ಕೆ ಅರ್ಧ ಅಂಕ. ಎಲ್ಲವೂ 2,500ರ ಅಪವರ್ತ್ಯಗಳು, ನೇರ ಎಣಿಕೆಯಂತೆ ಕಾಣುವುದಿಲ್ಲ, ಅಂದಾಜು ಸಂಖ್ಯೆಗಳೂ ಇರಬಹುದು, ಮೂಲ ಎಣಿಕೆ ನೋಡದೆ ಹೆಚ್ಚು ಹೇಳಲಾಗದು ಎಂಬ ಅರ್ಥದ ಉತ್ತರಕ್ಕೆ ಪೂರ್ಣ ಅಂಕ.